ಫ್ಯೂಸ್ ಕೀಳುತ್ತಾರೆಂಬ ಭಯ

ಕರೆಂಟ್ ಬಿಲ್ ವಿಪರೀತ ಬಂದಿದೆ ಎಂದು ಯಾರಾದರೂ ಕಾಂಪೌಂಡಿನ ಆಚೆಯಿಂದ ಹೇಳಿದರೆ ನಾನು ಮೊತ್ತ ಕೇಳುವುದಿಲ್ಲ. ಹಿಂದಿನ ರೀಡಿಂಗ್ ಎಷ್ಟು, ಈಗಿನದು ಎಷ್ಟು, ಬಿಲ್ ಬಂದ ಮೇಲೆ ನೀವೇ ಹೋಗಿ ಮೀಟರ್ ನೋಡಿದಿರಾ ಎಂದು ಕೇಳುತ್ತೇನೆ. ಬಹುಮಟ್ಟಿಗೆ ಯಾರೂ ನೋಡಿರುವುದಿಲ್ಲ. ಮೀಟರ್ ಇರುವುದೇ ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಮೇಲೆ, ಜೇಡರ ಬಲೆಯ ಹಿಂದೆ. ತಿಂಗಳಿಗೊಮ್ಮೆ ಕೈಯಲ್ಲಿ ಪುಟ್ಟ ಯಂತ್ರ ಹಿಡಿದವರು ಬಂದು, ಅರ್ಧ ನಿಮಿಷ ನಿಂತು, ಚೀಟಿ ಹರಿದು ಗೇಟಿನ ಸಂದಿಗೆ ಸಿಕ್ಕಿಸಿ ಹೋಗುತ್ತಾರೆ. ನಾವು ಕೊನೆಯ ಸಾಲಿನ ಅಂಕಿ ನೋಡಿ ಫೋನಿನಲ್ಲೇ ಕಟ್ಟಿಬಿಡುತ್ತೇವೆ. ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ದಿನದಿನವೂ ಗುರುತು ಹಾಕುವ ಮನೆಗಳಲ್ಲೂ ಕರೆಂಟಿನ ಲೆಕ್ಕ ಇರುವುದಿಲ್ಲ.

ತಪ್ಪು ಎಂದು ಗೊತ್ತಿದ್ದೂ ಕಟ್ಟುವವರೇ ಹೆಚ್ಚು. ಯಾಕೆ ಕಟ್ಟಿದಿರಿ ಎಂದರೆ ಎಲ್ಲರದೂ ಒಂದೇ ಉತ್ತರ. ಕಟ್ಟದಿದ್ದರೆ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರಲ್ಲ! ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ, ಇನ್ಸುಲಿನ್ ಇಟ್ಟ ಫ್ರಿಜ್ ಇರುತ್ತದೆ, ಮೇಲಿನ ಟ್ಯಾಂಕಿಗೆ ನೀರು ಏರಬೇಕಿರುತ್ತದೆ. ಕತ್ತಲೆಯಲ್ಲಿ ಕೂತು ಹೋರಾಡುವ ಧೈರ್ಯ ಯಾರಿಗಿದೆ? ಕೌಂಟರಿನಲ್ಲಿ ಕೇಳಿದರೂ ಬರುವ ಮಾತು ಅದೇ: ಮೊದಲು ಪೂರ್ತಿ ಕಟ್ಟಿ, ಆಮೇಲೆ ಅರ್ಜಿ ಕೊಡಿ, ಮುಂದಿನ ಬಿಲ್‌ನಲ್ಲಿ ನೋಡೋಣ. ಈ ಭಯದ ಬಗ್ಗೆಯೇ ನಿಮ್ಮ ಹತ್ತಿರ ಮಾತಾಡಬೇಕು ಅಂತ ಬಹಳ ದಿನದಿಂದ ಇತ್ತು. ಪೂರ್ತಿ ಕಟ್ಟುವುದು ಅಥವಾ ಕತ್ತಲೆಯಲ್ಲಿ ಕೂರುವುದು, ಇವೆರಡರ ನಡುವೆ ಕಾನೂನು ಒಂದು ದಾರಿ ಬಿಟ್ಟಿದೆ. ಆ ದಾರಿ ಇದೆ ಎಂದು ಕೌಂಟರಿನ ಆಚೆ ಕೂತವರು ತಾವಾಗಿ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅದಕ್ಕೆ ಬರುತ್ತೇನೆ, ಸ್ವಲ್ಪ ತಾಳಿ.

2023ರ ಜೂನ್ ತಿಂಗಳು ನೆನಪಿದೆಯಲ್ಲ? ಕೊಪ್ಪಳದ ಭಾಗ್ಯನಗರದಲ್ಲಿ ಎರಡು ಬಲ್ಬಿನ ಪುಟ್ಟ ಮನೆಯ ಒಬ್ಬ ಅಜ್ಜಿಗೆ 1,03,315 ರೂಪಾಯಿಯ ಬಿಲ್ ಬಂತು. ಬಡವರಿಗೆಂದೇ ಇರುವ ಭಾಗ್ಯಜ್ಯೋತಿ ಯೋಜನೆಯಲ್ಲಿ ಸಿಕ್ಕ ಸಂಪರ್ಕ ಅದು. ವಯಸ್ಸು ತೊಂಬತ್ತರ ಆಸುಪಾಸು. ಟಿವಿಯಲ್ಲಿ ಅವರ ಕಣ್ಣೀರು ನೋಡಿ ಇಡೀ ರಾಜ್ಯ ಮರುಗಿತು. ಇಂಧನ ಸಚಿವ ಕೆ.ಜೆ. ಜಾರ್ಜ್ ಅವರೇ ಮೀಟರಿನ ದೋಷ ಇದು, ಅವರು ಬಿಲ್ ಕಟ್ಟಬೇಕಿಲ್ಲ ಎಂದರು. ಅದೇ ತಿಂಗಳು ಮಂಗಳೂರಿನ ಹತ್ತಿರ ಉಳ್ಳಾಲದ ಒಂದು ಮನೆಗೆ 7,71,072 ರೂಪಾಯಿಯ ಬಿಲ್. ತಿಂಗಳಿಗೆ ಮೂರು ಸಾವಿರದ ಆಚೀಚೆ ಕಟ್ಟುತ್ತಿದ್ದವರು. ಚೀಟಿಯಲ್ಲಿ ಬಳಕೆ 99,338 ಯೂನಿಟ್ ಎಂದಿತ್ತು. ತಿದ್ದಿದ ಮೇಲೆ ಬಿಲ್ 2,833ಕ್ಕೆ ಇಳಿಯಿತು.

ಆ 99,338ನ್ನು ನಾನು ಕಾಗದದ ಮೇಲೆ ಬರೆದು ನೋಡಿದೆ. ಒಂದು ಲಕ್ಷಕ್ಕೆ 662 ಕಡಿಮೆ. ಐದಂಕಿಯ ಮೀಟರಿನಲ್ಲಿ ಈ ತಿಂಗಳ ರೀಡಿಂಗನ್ನು ಹೋದ ತಿಂಗಳಿಗಿಂತ 662 ಕಡಿಮೆ ಎಂದು ಒತ್ತಿದರೆ, ಮೀಟರ್ 99,999 ದಾಟಿ ಮತ್ತೆ ಸೊನ್ನೆಯಿಂದ ಶುರುವಾಗಿದೆ ಎಂದು ಬಿಲ್ ಯಂತ್ರ ತಿಳಿದು ಸರಿಯಾಗಿ ಇದೇ ಸಂಖ್ಯೆಯನ್ನು ಕೊಡುತ್ತದೆ. ಇದು ನನ್ನ ಊಹೆ. ಆದರೆ ಒಂದು ಅಂಕಿ ತಪ್ಪಾಗಿ ಒತ್ತಿದರೆ ಬಿಲ್ ಎಲ್ಲಿಗೆ ಮುಟ್ಟುತ್ತದೆ ಎಂಬುದು ಇದರಿಂದ ತಿಳಿಯುತ್ತದೆ, ಹಿಂದಿನ ರೀಡಿಂಗ್ ಮತ್ತು ಈಗಿನ ರೀಡಿಂಗ್ ಎರಡನ್ನೂ ನೋಡಿ ಎಂದು ನಾನು ಹಟ ಹಿಡಿಯುವುದು ಯಾಕೆ ಎಂಬುದೂ ತಿಳಿಯುತ್ತದೆ.

ಇಂಥ ಬಿಲ್‌ಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಏಳು ಲಕ್ಷದ ಬಿಲ್ ತಪ್ಪು ಎಂದು ಎಳೆ ಮಗುವಿಗೂ ಗೊತ್ತಾಗುತ್ತದೆ, ಕ್ಯಾಮೆರಾ ಬರುತ್ತದೆ, ಸಂಜೆಯೊಳಗೆ ಅಧಿಕಾರಿ ಬರುತ್ತಾರೆ. ಆರುನೂರು ಬರಬೇಕಾದ ಕಡೆ ಹತ್ತೊಂಬತ್ತು ನೂರು ಬಂದರೆ ಯಾರೂ ಬರುವುದಿಲ್ಲ. ಬೇಸಿಗೆಯಲ್ಲವೇ, ಫ್ಯಾನ್ ಜಾಸ್ತಿ ಓಡಿರಬೇಕು ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡು ಕಟ್ಟುತ್ತೇವೆ. ನಂಬುವಂತಿರುವ ತಪ್ಪೇ ವರ್ಷಗಟ್ಟಲೆ ಉಳಿಯುವುದು.

ಹಾಗಂತ ಜಾಸ್ತಿ ಬಂದದ್ದೆಲ್ಲ ತಪ್ಪು ಬಿಲ್ ಎಂದು ಹೊರಟರೆ ಕೆಲಸ ಕೆಡುತ್ತದೆ. ಅದೇ 2023ರ ಜೂನ್‌ನಲ್ಲಿ ಲಕ್ಷಾಂತರ ಮನೆಗಳಿಗೆ ದುಪ್ಪಟ್ಟು ಎನ್ನುವಂಥ ಬಿಲ್ ಬಂದವು. ಅವು ಮೀಟರಿನ ತಪ್ಪಲ್ಲ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮೇ ತಿಂಗಳಲ್ಲಿ ಆದೇಶ ಹೊರಡಿಸಿ, ಏಪ್ರಿಲ್ 1ರಿಂದಲೇ ಪೂರ್ವಾನ್ವಯವಾಗಿ ದರ ಏರಿಸಿತ್ತು. ಆ ಹಿಂಬಾಕಿ ಜೂನ್ ಬಿಲ್‌ಗೆ ಸೇರಿತು. ಜೊತೆಗೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆಯೂ ಬಂತು. ಆ ವರ್ಷದ ದರಪಟ್ಟಿ ಇನ್ನೂ ಕಠಿಣವಾಗಿತ್ತು: ನೂರು ಯೂನಿಟ್‌ವರೆಗೆ ಯೂನಿಟ್ಟಿಗೆ 4.75 ರೂಪಾಯಿ, ನೂರು ದಾಟಿದರೆ ಮೊದಲ ಯೂನಿಟ್ಟಿನಿಂದಲೇ 7 ರೂಪಾಯಿ. ನೂರು ಯೂನಿಟ್ಟಿಗೆ 475 ಇದ್ದದ್ದು ನೂರಾ ಒಂದಕ್ಕೆ 707 ಆಗುತ್ತಿತ್ತು. ಅದು ನ್ಯಾಯವಲ್ಲ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. 2024ರ ಏಪ್ರಿಲ್‌ನಿಂದ ಎಲ್ಲ ಯೂನಿಟ್ಟಿಗೂ ಒಂದೇ ದರ, 5.90 ಆಯಿತು, ಮರುವರ್ಷ 5.80 ಆಯಿತು. ಅದರ ಜೊತೆಗೆ ಕಿಲೋವ್ಯಾಟ್ ಲೆಕ್ಕದಲ್ಲಿ ನಿಗದಿತ ಶುಲ್ಕ ಏರಿತು, ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆ ಸೇರಿತು. ದರ ಸರಿಯಿಲ್ಲ ಎಂದಾದರೆ ಅದನ್ನು ಹೇಳುವ ಜಾಗ ಆಯೋಗದ ಸಾರ್ವಜನಿಕ ವಿಚಾರಣೆ. ಸಬ್‌ಡಿವಿಷನ್ ಕೌಂಟರಿನಲ್ಲಿ ದರದ ಬಗ್ಗೆ ಜಗಳವಾಡಿದರೆ ಗಂಟಲು ಮಾತ್ರ ನೋಯುತ್ತದೆ. ಹಳಬರು ಈಗಲೂ ಎಲ್ಲದಕ್ಕೂ ಕೆಇಬಿ ಎಂದೇ ಅನ್ನುತ್ತಾರೆ. ಆ ಮಂಡಳಿ 1999ರಲ್ಲಿ ನಿಗಮವಾಯಿತು, 2002ರಿಂದ ಮನೆಗೆ ಕರೆಂಟ್ ಮಾರುವ ಕೆಲಸ ಬೇರೆ ಬೇರೆ ಕಂಪನಿಗಳಿಗೆ ಹೋಯಿತು. ದರ ನಿಗದಿ ಮಾಡುವವರು ಒಬ್ಬರು, ಬಿಲ್ ಹಾಕುವವರು ಇನ್ನೊಬ್ಬರು. ಇದು ತಲೆಯಲ್ಲಿದ್ದರೆ ಯಾವ ಬಾಗಿಲು ತಟ್ಟಬೇಕು ಎನ್ನುವುದು ಗೊಂದಲವಾಗುವುದಿಲ್ಲ.

ಈಗ ನಿಜವಾದ ತಪ್ಪುಗಳಿಗೆ ಬರೋಣ. ನಾನು ಕಂಡವುಗಳಲ್ಲಿ ಹೆಚ್ಚು ಕಾಡುವುದು ಡೋರ್ ಲಾಕ್ ಬಿಲ್. ನಮ್ಮ ಅತ್ತೆಯವರ ಮನೆಯಲ್ಲಿ ಆದದ್ದು ಹೀಗೆ. ಮಗಳ ಬಾಣಂತನಕ್ಕೆಂದು ಊರು ಬಿಟ್ಟಿದ್ದರು. ಮೀಟರ್ ಗ್ರಿಲ್ಲಿನ ಒಳಗೆ, ಬೀಗ. ರೀಡರ್ ಬಂದವರು ಡೋರ್ ಲಾಕ್ ಎಂದು ಒತ್ತಿ ಹಳೆಯ ಸರಾಸರಿಯ ಮೇಲೆ ಬಿಲ್ ಹಾಕುತ್ತಾ ಹೋದರು. ಮನೆಯಲ್ಲಿ ಓಡುತ್ತಿದ್ದದ್ದು ಏನೂ ಇಲ್ಲ, ಬಿಲ್ ಮಾತ್ರ ನಾಲ್ಕು ಜನ ಇದ್ದಾಗಿನಷ್ಟೇ. ಅವರು ಬಂದ ಮೇಲೆ ನಿಜವಾದ ರೀಡಿಂಗ್ ತೆಗೆದುಕೊಂಡರು, ಆದರೆ ಆ ತಿಂಗಳುಗಳಲ್ಲಿ ಹೆಚ್ಚಾಗಿ ಕಟ್ಟಿದ್ದನ್ನು ಕಳೆಯಲಿಲ್ಲ. ಅತ್ತೆಯವರು ಹಳೆಯ ಚೀಟಿಗಳನ್ನೆಲ್ಲ ದೇವರ ಮನೆಯ ಡಬ್ಬಿಯಲ್ಲಿ ಇಟ್ಟಿದ್ದರು. ಅವನ್ನು ಸಾಲಾಗಿ ಜೋಡಿಸಿ, ಕೊನೆಯ ನಿಜ ರೀಡಿಂಗಿನಿಂದ ಹೊಸ ನಿಜ ರೀಡಿಂಗಿನವರೆಗೆ ಆದ ಯೂನಿಟ್ ಇಷ್ಟು, ಹಾಕಿರುವುದು ಇಷ್ಟು ಎಂದು ಒಂದೇ ಹಾಳೆಯಲ್ಲಿ ಬರೆದುಕೊಟ್ಟ ಮೇಲೆ ಹಣ ಮುಂದಿನ ಬಿಲ್‌ಗಳಲ್ಲಿ ಜಮೆಯಾಯಿತು. ಬಾಯಲ್ಲಿ ಹೇಳಿದ್ದಕ್ಕೆ ಯಾರೂ ಕಿವಿಗೊಟ್ಟಿರಲಿಲ್ಲ.

ಇದಕ್ಕೆ ಈಗ ಕೇಂದ್ರದ ನಿಯಮವೇ ಇದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಎಂದು 2020ರ ಡಿಸೆಂಬರಿನಲ್ಲಿ ಬಂದವು. ಹೀಗೆ ಅಂದಾಜಿನ ಮೇಲೆ ಹಾಕುವ ಬಿಲ್ ಒಂದು ಆರ್ಥಿಕ ವರ್ಷದಲ್ಲಿ ಎರಡನ್ನು ಮೀರುವಂತಿಲ್ಲ. ಅದಕ್ಕೂ ಮುಂದೆ ಅಂದಾಜಿನಲ್ಲೇ ಎಳೆದುಕೊಂಡು ಹೋದರೆ, ಪ್ರಕೃತಿ ವಿಕೋಪದಂಥ ಕಾರಣ ಇಲ್ಲದಿದ್ದಲ್ಲಿ, ನಿಜ ರೀಡಿಂಗಿನ ಬಿಲ್ ಕೊಡುವ ತನಕ ಹಣ ಕಟ್ಟುವುದಿಲ್ಲ ಎನ್ನುವ ಹಕ್ಕು ಗ್ರಾಹಕರಿಗಿದೆ. ಊರಿಗೆ ಹೋಗುವವರು ಮೀಟರಿನ ಫೋಟೊ ತೆಗೆದು, ದಿನಾಂಕ ಹಾಕಿ, ನೋಂದಾಯಿತ ಮೊಬೈಲಿನಿಂದಲೋ ಮೇಲ್‌ನಿಂದಲೋ ಕಳಿಸುವುದಕ್ಕೂ ಅದೇ ನಿಯಮದಲ್ಲಿ ಅವಕಾಶವಿದೆ. ಪಕ್ಕದ ಮನೆಯವರ ಕೈಗೆ ಗ್ರಿಲ್ಲಿನ ಬೀಗದ ಕೈ ಕೊಟ್ಟು ಹೋದರೆ ಅವರೇ ತೆಗೆದು ಕಳಿಸಿಯಾರು. ನೀವು ಊರಿಗೆ ಹೋದಾಗ ನನಗೆ ಹೇಳಿ, ನಾನು ತೆಗೆಯುತ್ತೇನೆ.

ಇನ್ನೊಂದು, ಮೀಟರಿನ ಪರದೆ ಓದುವುದರಲ್ಲಿ ಆಗುವ ತಪ್ಪು. ಹಳೆಯ ಚಕ್ರದ ಮೀಟರಿನಲ್ಲಿ ಒಂದೇ ಸಂಖ್ಯೆ ಇರುತ್ತಿತ್ತು. ಈಗಿನ ಎಲೆಕ್ಟ್ರಾನಿಕ್ ಮೀಟರಿನ ಪರದೆಯಲ್ಲಿ ದಿನಾಂಕ, ಸಮಯ, ವೋಲ್ಟೇಜ್, ಗರಿಷ್ಠ ಬೇಡಿಕೆ ಹೀಗೆ ಒಂದಾದ ಮೇಲೊಂದು ಬದಲಾಗುತ್ತಾ ಹೋಗುತ್ತದೆ. ನಮಗೆ ಬೇಕಾದದ್ದು ಕೆಡಬ್ಲ್ಯೂಎಚ್ ಎಂದು ಬರುವ ಸಂಖ್ಯೆ. ಅದೇ ಯೂನಿಟ್. ನೂರಾರು ಮನೆ ಮುಗಿಸಬೇಕಾದ ರೀಡರ್ ಆತುರದಲ್ಲಿ ಬೇರೆ ಸಂಖ್ಯೆ ನೋಡಿದರೆ ಅಥವಾ 3ನ್ನು 8 ಎಂದು ಓದಿದರೆ ಆಶ್ಚರ್ಯವೇನಿಲ್ಲ. ಬಿಲ್ ಬಂದ ದಿನವೇ ಮೀಟರಿನ ಫೋಟೊ ತೆಗೆದಿಟ್ಟುಕೊಂಡರೆ ತಪ್ಪು ಕೂಡಲೇ ಗೊತ್ತಾಗುತ್ತದೆ. ಚೀಟಿಯಲ್ಲಿರುವ ಈಗಿನ ರೀಡಿಂಗಿಗಿಂತ ಮೀಟರಿನಲ್ಲಿರುವುದು ಕಡಿಮೆಯಿದ್ದರೆ ಮುಂದೆ ವಾದವೇ ಬೇಡ, ಮೀಟರ್ ಹಿಂದಕ್ಕೆ ಓಡುವುದಿಲ್ಲ. ಆ ಫೋಟೊ ಒಂದೇ ಸಾಕು.

ಮೀಟರೇ ಜೋರಾಗಿ ಓಡುತ್ತಿದೆ ಎನ್ನುವ ಅನುಮಾನ ಬಂದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೀಟರಿನ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ; 3200 ಎಂದಿದೆ ಅಂದುಕೊಳ್ಳಿ. ಮೊದಲು ಮನೆಯ ಮುಖ್ಯ ಎಂಸಿಬಿಯನ್ನು ಕೆಳಗಿಳಿಸಿ. ಆಗ ದೀಪ ಮಿಣುಕಬಾರದು. ಮಿಣುಕಿದರೆ ಒಂದೋ ಮೀಟರಿನಲ್ಲೇ ದೋಷ, ಇಲ್ಲವೇ ಮೀಟರಿಗೂ ಎಂಸಿಬಿಗೂ ನಡುವೆ ಯಾರದೋ ತಂತಿ ಸೇರಿಕೊಂಡಿದೆ. ಆಮೇಲೆ ಎಂಸಿಬಿ ಏರಿಸಿ, ಮನೆಯ ಎಲ್ಲ ಸ್ವಿಚ್ ಆರಿಸಿ, ಪ್ಲಗ್ ಕಿತ್ತು ನೋಡಿ. ಈಗಲೂ ಬೇಗಬೇಗ ಮಿಣುಕುತ್ತಿದ್ದರೆ ಗೋಡೆಯೊಳಗಿನ ವೈರಿಂಗಿನಲ್ಲಿ ಸೋರಿಕೆ ಇದೆ, ಎಲೆಕ್ಟ್ರೀಷಿಯನ್ ಕರೆಸಬೇಕು. ಮೀಟರಿನಿಂದ ಈಚೆಗೆ ಆದದ್ದಕ್ಕೆ ಹೊಣೆ ನಮ್ಮದೇ. ಕೊನೆಗೆ ಬಕೆಟ್ಟಿಗೆ ಹಾಕುವ ಸಾವಿರ ವ್ಯಾಟಿನ ಕಾಯಿಲ್ ಒಂದನ್ನೇ ಹಾಕಿ, ನೀರಿಗೆ ಕೈ ತಾಗಿಸದೆ, ಒಂದು ನಿಮಿಷದಲ್ಲಿ ಮಿಣುಕು ಎಷ್ಟು ಎಂದು ಎಣಿಸಿ. 3200ರ ಮೀಟರಿನಲ್ಲಿ ಸುಮಾರು 53 ಬರಬೇಕು. ವೋಲ್ಟೇಜ್ ಏರಿಳಿತಕ್ಕೆ ನಾಲ್ಕೈದು ಆಚೀಚೆ ಆಗುತ್ತದೆ. ಎಂಬತ್ತು ಬಂದರೆ ಅರ್ಜಿ ಬರೆಯುವ ಸಮಯ ಬಂದಿದೆ ಎಂದೇ ಅರ್ಥ.

ಬಾಡಿಗೆ ಮನೆಯವರು ಎಂಸಿಬಿ ಇಳಿಸುವಾಗ ಒಂದನ್ನು ಗಮನಿಸಬೇಕು. ಕೆಳಗಿನ ಸಂಪಿನ ಮೋಟರ್, ಮೆಟ್ಟಿಲ ದೀಪ, ಮಾಲೀಕರ ಗ್ಯಾರೇಜ್ ಇವು ನಮ್ಮ ಎಂಸಿಬಿಯ ಜೊತೆಗೇ ಆರಿದರೆ ಅವರ ಕರೆಂಟಿಗೆ ಹಣ ಕೊಡುತ್ತಿರುವವರು ನಾವು. ನಾಲ್ಕು ಮನೆಯ ನೀರೆಲ್ಲ ಒಬ್ಬ ಬಾಡಿಗೆಯವರ ಮೀಟರಿನಲ್ಲಿ ಏರುತ್ತಿದ್ದ ಉದಾಹರಣೆಯನ್ನು ನಾನೇ ಕಂಡಿದ್ದೇನೆ. ಇದಕ್ಕೆ ಕಂಪನಿಯ ಮೇಲೆ ದೂರು ಕೊಟ್ಟು ಫಲವಿಲ್ಲ. ಮಾಲೀಕರ ಜೊತೆ ಕೂತು ಮಾತಾಡಬೇಕು, ತಂತಿ ಬೇರೆ ಮಾಡಿಸಬೇಕು.

ಅರ್ಜಿಯ ವಿಷಯ. 1912ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಸಬ್‌ಡಿವಿಷನ್ನಿನ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಹೆಸರಿಗೆ ಒಂದು ಪುಟದ ಕಾಗದ ಬರೆಯಿರಿ. ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್, ಖಾತೆ ಸಂಖ್ಯೆ, ಹಿಂದಿನ ಆರು ತಿಂಗಳ ಯೂನಿಟ್ಟು, ಈ ತಿಂಗಳ ಯೂನಿಟ್ಟು, ಫೋಟೊ, ಬೇಡಿಕೆ ಏನು ಎನ್ನುವ ಎರಡು ಸಾಲು. ಕನ್ನಡದಲ್ಲೇ ಬರೆಯಿರಿ, ಅದಕ್ಕೆ ಹಿಂಜರಿಯಬೇಕಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಂಡೇ ಈಚೆ ಬರಬೇಕು. ಮುಂದೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ಆ ಮುದ್ರೆಯನ್ನು.

ಬೇಡಿಕೆಯಲ್ಲಿ ಮೀಟರ್ ಪರೀಕ್ಷೆ ಎಂದು ಸ್ಪಷ್ಟವಾಗಿ ಬರೆಯಬೇಕು. ಬಳಕೆಗೂ ರೀಡಿಂಗಿಗೂ ಹೊಂದುತ್ತಿಲ್ಲ ಎಂದು ದೂರು ಬಂದ 30 ದಿನದೊಳಗೆ ಮೀಟರ್ ಪರೀಕ್ಷಿಸಬೇಕು ಎಂದು 2020ರ ನಿಯಮ ಹೇಳುತ್ತದೆ. 2024ರ ಫೆಬ್ರವರಿಯ ತಿದ್ದುಪಡಿ ಇನ್ನೂ ಒಳ್ಳೆಯದು. ಇಂಥ ದೂರು ಬಂದರೆ ಐದು ದಿನದೊಳಗೆ ಪಕ್ಕದಲ್ಲೇ ಇನ್ನೊಂದು ಮೀಟರ್ ಕೂರಿಸಿ, ಕನಿಷ್ಠ ಮೂರು ತಿಂಗಳು ಎರಡರ ರೀಡಿಂಗನ್ನೂ ಹೋಲಿಸಿ ನೋಡಬೇಕು. ಎರಡು ಮೀಟರ್ ಅಕ್ಕಪಕ್ಕ ಓಡಿದರೆ ಯಾರ ಮಾತನ್ನೂ ನಂಬಬೇಕಾಗಿಲ್ಲ; ನಮ್ಮದೇ ಬಳಕೆ ಹೆಚ್ಚು ಎಂದಾದರೆ ನಾವೂ ಒಪ್ಪಿಕೊಳ್ಳುತ್ತೇವೆ. ಈ ನಿಯಮವನ್ನು ಹೆಸರು ಹೇಳಿ ಕೇಳಿ. ಕೇಳದಿದ್ದರೆ ಮೀಟರ್ ಸರಿಯಾಗಿದೆ ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ.

ಈಗ ಆ ನಡುವಿನ ದಾರಿ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್. ಫ್ಯೂಸ್ ಕೀಳುವ ಅಧಿಕಾರ ಕಂಪನಿಗೆ ಬರುವುದೂ ಇದೇ ಸೆಕ್ಷನ್ನಿನಿಂದ, ಅದಕ್ಕೆ ಕಡಿವಾಣ ಹಾಕಿರುವುದೂ ಇದೇ. ಬಾಕಿಗಾಗಿ ಸಂಪರ್ಕ ಕಡಿಯಬೇಕಾದರೆ ಪೂರ್ತಿ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಲೈನ್‌ಮನ್ ಬಂದು ಗೇಟಿನಲ್ಲಿ ನಿಂತು ಹೇಳುವುದು ನೋಟಿಸ್ ಆಗುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಮುಂದಿನ ಮಾತು. ಬಿಲ್ಲಿಗೆ ತಕರಾರು ಇದೆ ಎಂದು ಹೇಳಿ, ಆಕ್ಷೇಪಕ್ಕೆ ಒಳಪಟ್ಟು ಎಂದು ಬರೆದು, ಬಿಲ್ಲಿನ ಪೂರ್ತಿ ಮೊತ್ತ ಅಥವಾ ಹಿಂದಿನ ಆರು ತಿಂಗಳು ಕಟ್ಟಿದ್ದರ ಸರಾಸರಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ, ತಕರಾರು ಇತ್ಯರ್ಥವಾಗುವ ತನಕ ಕರೆಂಟ್ ಕಡಿಯುವಂತಿಲ್ಲ. ಹಿಂದಿನ ಆರು ತಿಂಗಳು ಸರಾಸರಿ 640 ರೂಪಾಯಿ ಕಟ್ಟುತ್ತಿದ್ದವರಿಗೆ 4,300ರ ಬಿಲ್ ಬಂದಿದೆ ಎಂದಿಟ್ಟುಕೊಳ್ಳಿ. 640 ಕಟ್ಟಿ, ಅರ್ಜಿಯ ಪ್ರತಿ ಕೈಯಲ್ಲಿಟ್ಟುಕೊಂಡರೆ, ಮಕ್ಕಳ ಓದೂ ನಿಲ್ಲುವುದಿಲ್ಲ, ಇನ್ಸುಲಿನ್ನೂ ಕೆಡುವುದಿಲ್ಲ. ಪಾರ್ಲಿಮೆಂಟು ಮಾಡಿದ ಕಾಯ್ದೆಯ ಮಾತು ಇದು. ಅಧಿಕಾರಿ ಒಳ್ಳೆಯವರೋ ಕೆಟ್ಟವರೋ ಎನ್ನುವುದರ ಮೇಲೆ ನಿಂತಿಲ್ಲ.

ಆಚರಣೆಯಲ್ಲಿ ತೊಡಕಿದೆ, ಮುಚ್ಚಿಡುವುದಿಲ್ಲ. ಫೋನಿನ ಆಪ್‌ಗಳು ಇಡೀ ಮೊತ್ತವನ್ನೇ ಎಳೆದು ತೋರಿಸುತ್ತವೆ, ಹಾಗಾಗಿ ಸರಾಸರಿ ಕಟ್ಟಲು ಕೌಂಟರಿಗೇ ಹೋಗಬೇಕು. ಅಲ್ಲಿ ಸಿಸ್ಟಂ ತಗೊಳ್ಳಲ್ಲ ಎನ್ನುತ್ತಾರೆ. ಆಗ ಕಂದಾಯ ವಿಭಾಗದ ಲೆಕ್ಕಾಧಿಕಾರಿಯ ಮುಂದೆ ಅರ್ಜಿ ಇಟ್ಟು, 56ನೇ ಸೆಕ್ಷನ್ನಿನ ಪ್ರಕಾರ ಇಷ್ಟು ಕಟ್ಟಲು ಬಂದಿದ್ದೇನೆ, ತೆಗೆದುಕೊಳ್ಳುವುದಿಲ್ಲ ಎಂದರೆ ಅದನ್ನೇ ಬರೆದುಕೊಡಿ ಎಂದು ಶಾಂತವಾಗಿ ಕೇಳಿ. ಬರೆದುಕೊಡಿ ಎನ್ನುವ ಮಾತಿಗೆ ಸರ್ಕಾರಿ ಮೇಜಿನ ಮುಂದೆ ಬೆಲೆಯಿದೆ. ಅಲ್ಲಿ ದನಿ ಏರಿಸಿದಷ್ಟೂ ಕೆಲಸ ಹಿಂದೆ ಬೀಳುತ್ತದೆ. ಇನ್ನು ಮೀಟರ್ ರೀಡರ್ ಮೇಲೆ, ಲೈನ್‌ಮನ್ ಮೇಲೆ ಕೂಗಾಡುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಿಸಿಲಲ್ಲಿ ಬೀದಿ ಬೀದಿ ಸುತ್ತುವ ಆ ಹುಡುಗರಲ್ಲಿ ಎಷ್ಟೋ ಜನ ಗುತ್ತಿಗೆಯವರು. ಬಿಲ್ ತಿದ್ದುವ ಅಧಿಕಾರ ಅವರ ಕೈಯಲ್ಲಿಲ್ಲ.

ಸಬ್‌ಡಿವಿಷನ್ನಿನಲ್ಲಿ ಸರಿಹೋಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಕಾಯ್ದೆಯ 42ನೇ ಸೆಕ್ಷನ್ನಿನ ಪ್ರಕಾರ ಪ್ರತಿ ಕಂಪನಿಯೂ ಇದನ್ನು ನಡೆಸಲೇಬೇಕು, ನಮ್ಮಲ್ಲಿ ಜಿಲ್ಲೆಗೊಂದಿದೆ. ವಕೀಲರು ಬೇಕಿಲ್ಲ, ನಿಮ್ಮ ಲೆಕ್ಕ ನೀವೇ ಹೇಳಬಹುದು. ದೂರು ಮುಗಿಸಲು ಗರಿಷ್ಠ 45 ದಿನ ಎಂದು ಹಕ್ಕುಗಳ ನಿಯಮ ಗಡುವು ಹಾಕಿದೆ. ಅಲ್ಲಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಆಗಾಗ ನಡೆಯುವ ವಿದ್ಯುತ್ ಅದಾಲತ್, ಗ್ರಾಹಕರ ಸಂವಾದ ಸಭೆಗಳಿಗೂ ಹೋಗಬಹುದು. ಮೇಲಿನ ಅಧಿಕಾರಿಯ ಎದುರಿಗೆ ಅರ್ಜಿ ಓದಿದರೆ ಕೆಲವು ಸಲ ಅಲ್ಲೇ ತಿದ್ದುತ್ತಾರೆ.

ಒಂದು ಎಚ್ಚರ ಮಾತ್ರ ಬೇಕು. ಬಂದಿರುವ ಕಾಗದದಲ್ಲಿ 126ನೇ ಸೆಕ್ಷನ್ ಎಂದು ಇದ್ದರೆ ಅದು ಸಾಮಾನ್ಯ ಬಿಲ್ಲಲ್ಲ, ಅನಧಿಕೃತ ಬಳಕೆಯ ಆರೋಪ. ಮನೆಯ ಸಂಪರ್ಕದಲ್ಲಿ ಅಂಗಡಿ ನಡೆಸಿದ್ದಾರೆ ಎನ್ನುವಂಥದ್ದು. ಅದಕ್ಕೆ ಕುಂದುಕೊರತೆ ವೇದಿಕೆ ಸಲ್ಲುವುದಿಲ್ಲ. ಗ್ರಾಹಕ ನ್ಯಾಯಾಲಯವೂ ಸಲ್ಲುವುದಿಲ್ಲ ಎಂದು 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲು ಆಕ್ಷೇಪಣೆ ಕೊಡಬೇಕು; ಅಂತಿಮ ಆದೇಶ ಬಂದರೆ 30 ದಿನದೊಳಗೆ, ಅರ್ಧ ಮೊತ್ತ ಠೇವಣಿ ಇಟ್ಟು, ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ತಪ್ಪು ಬಾಗಿಲು ತಟ್ಟುತ್ತಾ ಕೂತರೆ ಆ 30 ದಿನ ಕಳೆದುಹೋಗುತ್ತದೆ.

ಹಳೆಯ ಬಾಕಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಆಡಿಟ್‌ನಲ್ಲಿ ಸಿಕ್ಕಿತು, ಷಾರ್ಟ್ ಕ್ಲೈಮ್, ಅಂದರೆ ಆಗ ಕಡಿಮೆ ಬಿಲ್, ಆಗಿದೆ ಎಂದು ಎಷ್ಟೋ ವರ್ಷದ ಹಿಂದಿನ ಲೆಕ್ಕ ತೆಗೆದು ಒಮ್ಮೆಲೇ ಬಿಲ್ಲಿಗೆ ಸೇರಿಸುತ್ತಾರೆ. ಬಾಕಿ ಮೊದಲು ಕಟ್ಟಬೇಕಾಗಿ ಬಂದ ದಿನದಿಂದ ಎರಡು ವರ್ಷ ದಾಟಿದರೆ, ಅದನ್ನು ಬಿಲ್ಲಿನಲ್ಲಿ ಬಿಡದೆ ತೋರಿಸುತ್ತಾ ಬಂದಿರದಿದ್ದರೆ, ವಸೂಲಿ ಮಾಡುವಂತಿಲ್ಲ ಎಂದು 56ನೇ ಸೆಕ್ಷನ್ನಿನ ಎರಡನೇ ಭಾಗದಲ್ಲಿದೆ. ಇದನ್ನು ಓದಿ ನಾವು ಗೆದ್ದೆವು ಎಂದುಕೊಂಡರೆ ಕಷ್ಟ. ಅಜ್ಮೇರ್ ವಿದ್ಯುತ್ ಕಂಪನಿಯ ಮೊಕದ್ದಮೆಯಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ. ಬಿಲ್ ಕೊಟ್ಟಾಗಲೇ ಹಣ ಕಟ್ಟಬೇಕಾದದ್ದಾಗುತ್ತದೆ. ಎರಡು ವರ್ಷ ಮೀರಿದ ಮೇಲೆ ಫ್ಯೂಸ್ ಕೀಳುವಂತಿಲ್ಲ, ಆದರೆ ಬೇರೆ ಕಾನೂನು ದಾರಿಯಲ್ಲಿ ಕಂಪನಿ ಹಣ ಕೇಳಬಹುದು. ಮನೆ ಕೊಳ್ಳುವವರು ಹಳೆಯ ಮಾಲೀಕರಿಂದ ಬಾಕಿ ಇಲ್ಲವೆಂಬ ಪತ್ರ ಕೇಳಿ ಪಡೆಯುವುದೂ ಅಷ್ಟೇ ಮುಖ್ಯ. ಸಂಪರ್ಕ ಬೇಕೆಂದರೆ ಹಿಂದಿನವರ ಬಾಕಿ ತೀರಿಸಿ ಎಂದು ಹೊಸ ಮಾಲೀಕರನ್ನು ನಿಯಮದ ಪ್ರಕಾರ ಕೇಳಬಹುದು ಎಂದು 2023ರಲ್ಲಿ ತೀರ್ಪಾಗಿದೆ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ನಮಗೆ ಸೊನ್ನೆ ಬಿಲ್ಲು, ಇದೆಲ್ಲ ಯಾಕೆ ಬೇಕು ಎನ್ನುವವರಿದ್ದಾರೆ. ಅವರಿಗೇ ಹೆಚ್ಚು ಬೇಕು. 2022–23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಪ್ರತಿ ಮನೆಗೂ ಮಿತಿ ಹಾಕಿದ್ದಾರೆ. ಕಡಿಮೆ ಬಳಸುವವರಿಗೆ ಆಮೇಲೆ ಅದನ್ನು ಹತ್ತು ಯೂನಿಟ್ ಎಂದು ಬದಲಿಸಿದರು. ಮಿತಿ ಮೀರಿದರೆ ಮೀರಿದಷ್ಟಕ್ಕೆ ಹಣ, 200 ಯೂನಿಟ್ ದಾಟಿದರೆ ಇಡೀ ಬಿಲ್ ನಮ್ಮದೇ. 196 ಎಂದು ಬರಬೇಕಾದದ್ದು ಒಂದು ಅಂಕಿಯ ತಪ್ಪಿನಿಂದ 206 ಆದರೆ ಸೊನ್ನೆ ಇದ್ದ ಮನೆಗೆ ಸಾವಿರಕ್ಕೂ ಮೇಲೆ ಬಿಲ್ ಬೀಳುತ್ತದೆ. ಹತ್ತು ಯೂನಿಟ್ಟಿನ ತಪ್ಪು ರೀಡಿಂಗ್ ಮೊದಲು ಸಣ್ಣ ಮೊತ್ತದ ವಿಷಯವಾಗಿತ್ತು. ಈಗ ಬಡ ಮನೆಯ ತಿಂಗಳ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ರೀಡಿಂಗ್ ತೆಗೆದ ದಿನಾಂಕವನ್ನೂ ನೋಡಿ. ಹೋದ ತಿಂಗಳು 3ಕ್ಕೆ ಬಂದವರು ಈ ತಿಂಗಳು 9ಕ್ಕೆ ಬಂದರೆ ಮೂವತ್ತಾರು ದಿನದ ಬಳಕೆ ಒಂದೇ ಚೀಟಿಯಲ್ಲಿ ಸೇರಿರುತ್ತದೆ. ಅರ್ಜಿಯಲ್ಲಿ ಅದನ್ನು ಬರೆಯಲೇಬೇಕು.

ಸೊನ್ನೆ ಬಿಲ್ ಬಂದಾಗ ಚೀಟಿ ಬಿಸಾಡುವ ಅಭ್ಯಾಸ ನಮ್ಮ ಬೀದಿಯಲ್ಲಿ ಶುರುವಾಗಿದೆ. ದಯವಿಟ್ಟು ಬಿಸಾಡಬೇಡಿ, ಒಂದು ವರ್ಷದ್ದಾದರೂ ಇಟ್ಟುಕೊಳ್ಳಿ. ಇನ್ನೂ ಒಂದು ಕೇಳಿಕೊಳ್ಳುತ್ತೇನೆ. ಕೊನೆಯ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಕಣ್ಣು ಮಂಜಾಗಿದೆ, ಚೀಟಿಯ ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ. ಎಷ್ಟು ಹೇಳಿದರೆ ಅಷ್ಟು ಕೊಟ್ಟು ಕಳಿಸುತ್ತಾರೆ. ಅಂಥವರು ಪ್ರತಿ ಬೀದಿಯಲ್ಲೂ ಇದ್ದಾರೆ. ಈ ತಿಂಗಳ ಬಿಲ್ ಬಂದ ದಿನ ನಿಮ್ಮ ಮೀಟರ್ ನೋಡಿಕೊಂಡ ಮೇಲೆ ಅವರದೂ ಒಮ್ಮೆ ನೋಡಿ. ಎರಡು ರೀಡಿಂಗನ್ನೂ ಅವರಿಗೆ ಓದಿ ಹೇಳಿ. ಲೆಕ್ಕ ತಪ್ಪಿದ್ದರೆ ಅರ್ಜಿ ಬರೆದುಕೊಡಿ, ಕೌಂಟರಿಗೆ ಜೊತೆಯಲ್ಲಿ ಹೋಗಿ.